ಸರ್ ಎಂ. ವಿಶ್ವೇಶ್ವರಯ್ಯ: ಜಲ ಕ್ಷೇತ್ರದಲ್ಲಿನ ಸೇವೆ

ಭಾರತರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯಲ್ಲಿ ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜು ಹಾಗೂ ಪುಣೆಯಲ್ಲಿ ವ್ಯಾಸಂಗ ಮಾಡಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರರಾಗಿ ಸೇವೆಗೆ ಸೇರಿದರು.

ಯೋಜನೆಗೆ ಮುನ್ನ ಮಳೆ, ನದಿ ಮತ್ತು ನೆಲದ ಸ್ವರೂಪವನ್ನು ಅರಿಯುವುದು ಅವರ ಕಾರ್ಯವಿಧಾನವಾಗಿತ್ತು. ಸಿಂಧ್ ಪ್ರಾಂತ್ಯದ ಸಕ್ಕರ್ ನಗರಸಭೆಗೆ ನೀರು ಸೋಸುವ ಘಟಕ ನಿರ್ಮಿಸಲು ಹಣವಿರಲಿಲ್ಲ. ಆಗ ಅವರು ಸಿಂಧೂ ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನ ಮೂಲಕ ಸೋಸಿದ ನೀರನ್ನು ಒದಗಿಸಿದರು. 1906ರಲ್ಲಿ ಅರೇಬಿಯಾದ ಏಡನ್ ಬಂದರಿಗೆ ಅವರನ್ನು ನಿಯೋಜಿಸಲಾಯಿತು. ನಗರದಲ್ಲಿ ಮಳೆ ಅತ್ಯಲ್ಪವಾದರೂ ಉತ್ತರದ ಗುಡ್ಡಗಾಡಿನಲ್ಲಿ ಮಳೆಯಾಗುವುದನ್ನು ಗಮನಿಸಿ, ಲಹೇಜ್ ಕಡೆಯ ನದಿಪಾತ್ರದ ಅಂತರ್ಜಲವನ್ನು ತರುವಂತೆ ಶಿಫಾರಸು ಮಾಡಿದರು.

1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿಯ ಪ್ರವಾಹದಿಂದ ಹೈದರಾಬಾದಿನಲ್ಲಿ ಸಾವಿರಾರು ಜನ ಮೃತಪಟ್ಟರು. ನಗರದ ಮೇಲ್ಭಾಗದಲ್ಲಿಯೇ ಪ್ರವಾಹವನ್ನು ತಡೆಹಿಡಿಯಬೇಕೆಂಬ ಅವರ ಸಲಹೆಯಂತೆ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಜಲಾಶಯಗಳು ನಿರ್ಮಾಣಗೊಂಡವು.

1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರರಾದರು. 1911ರಲ್ಲಿ ಕೃಷ್ಣರಾಜಸಾಗರ ಅಣೆಕಟ್ಟಿನ ಕಾಮಗಾರಿ ಆರಂಭವಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದರು. 1955ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾದ ಅವರು 1962ರಲ್ಲಿ ನಿಧನರಾದರು.

ಅರೆಕೆರೆಯೂ ಸೇರಿದಂತೆ ದಕ್ಷಿಣ ಬೆಂಗಳೂರಿನ ಬಡಾವಣೆಗಳಿಗೆ ಬರುವ ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಪಂಪ್ ಮಾಡಿ ತರಲಾಗುತ್ತಿದೆ. ಕೃಷ್ಣರಾಜಸಾಗರದಿಂದ ನದಿಗೆ ಬಿಡುವ ನೀರು ಬೇಸಿಗೆಯಲ್ಲಿ ಈ ಪೂರೈಕೆಗೆ ಆಧಾರವಾಗಿದೆ. ಆದುದರಿಂದ ನೀರಿನ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವ ನಾಗರಿಕರು ಮಳೆನೀರು ಸಂಗ್ರಹಕ್ಕೂ ಆದ್ಯತೆ ನೀಡಿ, ನೀರನ್ನು ಮಿತವಾಗಿ ಬಳಸಲು ಕೋರಲಾಗಿದೆ.