ಮಾರುಕಟ್ಟೆಯಲ್ಲಿ ಸೋತು, ಪಾಠವಾಗಿ ಉಳಿದ ಸಿಪಿ/ಎಂ: ಗ್ಯಾರಿ ಕಿಲ್ಡಾಲ್ ಬದುಕು

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ರೈತರಿಗೆ ನೀರುಗಂಟಿ ಹೊಸಬನಲ್ಲ. ತೂಬನ್ನು ರೈತ ತಾನಾಗಿ ತೆರೆಯುವುದಿಲ್ಲ, ನೀರುಗಂಟಿಯನ್ನು ಕೇಳುತ್ತಾನೆ. ತೂಬಿನ ರಚನೆ ಊರಿಂದೂರಿಗೆ ಬೇರೆಯಾದರೂ ಕೇಳುವ ಕ್ರಮ ಒಂದೇ. ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯ ಮೂಲತತ್ತ್ವವೂ ಇದೇ. ಇದನ್ನು ಪುಟ್ಟ ಗಣಕಗಳಿಗೆ ಅಳವಡಿಸಿದ ಪ್ರಮುಖರು ಗ್ಯಾರಿ ಕಿಲ್ಡಾಲ್.

ಅಮೆರಿಕದ ಸಿಯಾಟಲ್‌ನಲ್ಲಿ 1942ರ ಮೇ 19ರಂದು ಜನಿಸಿದ ಕಿಲ್ಡಾಲ್, ನೌಕಾಯಾನ ಶಾಲೆ ನಡೆಸುತ್ತಿದ್ದ ಮನೆತನದವರು. ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ 1972ರಲ್ಲಿ ಡಾಕ್ಟರೇಟ್ ಪಡೆದ ಅವರು ಮಾಂಟೆರೆಯ ನೌಕಾಪಡೆ ಸ್ನಾತಕೋತ್ತರ ಶಾಲೆಯಲ್ಲಿ ಅಧ್ಯಾಪಕರಾಗಿದ್ದರು. ಇಂಟೆಲ್ ಕಂಪನಿಗೆ ಸಲಹೆಗಾರರಾಗಿ ಪಿಎಲ್/ಎಂ ಎಂಬ ಗಣಕಭಾಷೆಯನ್ನು ರೂಪಿಸಿದರು. 1974ರಲ್ಲಿ ಇಂಟೆಲ್ 8080 ಚಿಪ್‌ಗಾಗಿ ಸಿಪಿ/ಎಂ ವ್ಯವಸ್ಥೆಯನ್ನು ಸಿದ್ಧಪಡಿಸಿದರು. ಅದರ ಮಾರಾಟಕ್ಕೆಂದು ಪತ್ನಿ ಡೊರೊಥಿ ಅವರೊಡನೆ ಕಟ್ಟಿದ ಸಂಸ್ಥೆಯೇ ಮುಂದೆ ಡಿಜಿಟಲ್ ರಿಸರ್ಚ್ ಎಂದು ಹೆಸರಾಯಿತು.

ಸಿಪಿ/ಎಂ ಮೂರು ಭಾಗಗಳಲ್ಲಿ ನಿಂತಿದೆ. ಒಂದು, ಬಳಕೆದಾರನ ಆದೇಶವನ್ನು ಓದುತ್ತದೆ. ಇನ್ನೊಂದು, ಡಿಸ್ಕ್‌ನ ಕಡತಗಳನ್ನು ನಿರ್ವಹಿಸುತ್ತದೆ. ಮೂರನೆಯದಾದ ಬಯೋಸ್ ಮಾತ್ರ ಯಂತ್ರವನ್ನು ನೇರವಾಗಿ ಮುಟ್ಟುತ್ತದೆ. ಹೊಸ ಯಂತ್ರ ಬಂದಾಗ ಬಯೋಸ್ ಒಂದನ್ನೇ ತಿದ್ದಿ ಬರೆದರೆ ಸಾಕಿತ್ತು. ಈ ವಿಂಗಡಣೆಯಿಂದಾಗಿ ಹಲವು ಕಂಪನಿಗಳ ಗಣಕಗಳಲ್ಲಿ ಒಂದೇ ತಂತ್ರಾಂಶ ಓಡುವಂತಾಯಿತು.

1980ರಲ್ಲಿ ಐಬಿಎಂ ತನ್ನ ಹೊಸ ಗಣಕಕ್ಕಾಗಿ ಡಿಜಿಟಲ್ ರಿಸರ್ಚ್ ಸಂಸ್ಥೆಯನ್ನು ಸಂಪರ್ಕಿಸಿದರೂ ಒಪ್ಪಂದ ಕುದುರಲಿಲ್ಲ. ಆ ಅವಕಾಶ ಮೈಕ್ರೋಸಾಫ್ಟ್ ಪಾಲಾಯಿತು. ಅದು ಕೊಂಡು ತಂದ ವ್ಯವಸ್ಥೆ ಸಿಪಿ/ಎಂ ಮಾದರಿಯನ್ನೇ ಬಹುಮಟ್ಟಿಗೆ ಅನುಸರಿಸಿತ್ತು. ಐಬಿಎಂ ಬಳಿಕ ಎರಡನ್ನೂ ಮಾರಿತಾದರೂ ಮೈಕ್ರೋಸಾಫ್ಟ್‌ನದಕ್ಕೆ 40 ಡಾಲರ್, ಕಿಲ್ಡಾಲ್ ಅವರದಕ್ಕೆ 240 ಡಾಲರ್ ಬೆಲೆಯಿತ್ತು. ಗ್ರಾಹಕರು ಅಗ್ಗದ್ದನ್ನೇ ಆರಿಸಿಕೊಂಡರು. ಆ ದಿನ ಕಿಲ್ಡಾಲ್ ವಿಮಾನ ಹಾರಿಸುತ್ತ ಅವಕಾಶ ಕಳೆದುಕೊಂಡರೆಂಬ ದಂತಕಥೆ ಅವರನ್ನು ಕೊನೆಯವರೆಗೂ ಬಾಧಿಸಿತು. ವಾಸ್ತವವಾಗಿ ಅವರು ವ್ಯವಹಾರದ ನಿಮಿತ್ತ ಹೋಗಿದ್ದರು, ಅಂದೇ ಮರಳಿದ್ದರು.

1991ರಲ್ಲಿ ಡಿಜಿಟಲ್ ರಿಸರ್ಚ್ ನೋವೆಲ್ ಕಂಪನಿಯ ಪಾಲಾಯಿತು. 1994ರ ಜುಲೈ 11ರಂದು, 52ರ ವಯಸ್ಸಿನಲ್ಲಿ ಕಿಲ್ಡಾಲ್ ನಿಧನರಾದರು.

ಇಂದಿನ ಕಾರ್ಯಾಚರಣ ವ್ಯವಸ್ಥೆಗಳು ಕೋಟ್ಯಂತರ ಸಾಲುಗಳ ಕಾಡು. ಒಬ್ಬರೇ ಓದಿ ಮುಗಿಸಲಾಗದು. ಸಿಪಿ/ಎಂ 2.2 ಆವೃತ್ತಿಯಲ್ಲಾದರೋ, ಬಯೋಸ್ ಹೊರತಾದ ಎರಡು ಭಾಗಗಳು ಸೇರಿ 5.5 ಕಿಲೋಬೈಟ್ ಮಾತ್ರ. ಏಕಕಾಲಕ್ಕೆ ಹಲವು ಕೆಲಸ, ಸ್ಮೃತಿಯ ರಕ್ಷಣೆ ಮೊದಲಾದ ಪಾಠಗಳು ಇದರಲ್ಲಿಲ್ಲ. ಆದರೆ ತಂತ್ರಾಂಶ ಹೇಗೆ ಕೇಳುತ್ತದೆ, ವ್ಯವಸ್ಥೆ ಹೇಗೆ ಒದಗಿಸುತ್ತದೆ ಎಂಬುದು ಆದ್ಯಂತ ಕಾಣುತ್ತದೆ. ಅದರ ಹಕ್ಕುದಾರರು 2022ರಲ್ಲಿ ಎಲ್ಲರಿಗೂ ಮುಕ್ತ ಬಳಕೆಯ ಅನುಮತಿಯನ್ನು ಸ್ಪಷ್ಟಪಡಿಸಿದ್ದಾರೆ. ಹಳೆಯ ಗಣಕವೊಂದಷ್ಟೇ ಕೈಯಲ್ಲಿರುವ ಸಣ್ಣ ಊರಿನ ವಿದ್ಯಾರ್ಥಿಗೂ ಅಧ್ಯಾಪಕ ಕಿಲ್ಡಾಲ್ ಅವರ ಪಾಠ ಇಂದು ಖರ್ಚಿಲ್ಲದೆ ದೊರೆಯುತ್ತದೆ.