ಮೀನುಪೇಟೆಯ ಒಗಟು ಬಿಡಿಸಿದ ಗಣಿತಜ್ಞ ವಿಟೊ ವೋಲ್ಟೆರಾ

1925ರ ಕೊನೆಯ ವೇಳೆಗೆ ಇಟಲಿಯ ಯುವ ಪ್ರಾಣಿಶಾಸ್ತ್ರಜ್ಞ ಉಂಬರ್ಟೊ ಡಾಂಕೋನ ತಮ್ಮ ಭಾವೀ ಮಾವನ ಮುಂದೆ ಒಂದು ಒಗಟನ್ನಿಟ್ಟರು. ಏಡ್ರಿಯಾಟಿಕ್ ಕಡಲದಂಡೆಯ ಟ್ರಿಯೆಸ್ಟ್, ಫಿಯೂಮ್, ವೆನಿಸ್ ಪೇಟೆಗಳಿಗೆ ಬಂದ ಮೀನಿನ ಹಲವು ವರ್ಷಗಳ ಲೆಕ್ಕ ಅವರ ಬಳಿ ಇತ್ತು. ಫಿಯೂಮ್ ಪೇಟೆಗೆ 1914ರಲ್ಲಿ ಬಂದ ಮೀನಿನಲ್ಲಿ ಶಾರ್ಕ್, ತೊರಕೆ ಮುಂತಾದ ಬೇಟೆಗಾರ ಮೀನುಗಳ ಪಾಲು ಶೇ. 11.9. ಮರುವರ್ಷ ಅದು ಶೇ. 21.4ಕ್ಕೆ ಜಿಗಿಯಿತು. 1918ರಲ್ಲಿ ಶೇ. 36.4. ಯುದ್ಧ ಮುಗಿದು ದೋಣಿಗಳು ಎಂದಿನಂತೆ ಕಡಲಿಗಿಳಿದ ಮೇಲೆ ಇಳಿಯುತ್ತ ಬಂದು 1923ರಲ್ಲಿ ಶೇ. 10.7 ಆಯಿತು.

ಮೊದಲ ಮಹಾಯುದ್ಧದ ದಿನಗಳಲ್ಲಿ ಆ ಕಡಲಿನಲ್ಲಿ ಮೀನುಗಾರಿಕೆ ಬಹಳ ಕುಗ್ಗಿತ್ತು. ಬಲೆಯ ಕಾಟ ತಗ್ಗಿದರೆ ಎಲ್ಲ ಮೀನುಗಳೂ ಹೆಚ್ಚಬೇಕಲ್ಲವೇ? ಲಾಭವೆಲ್ಲ ತಿನ್ನುವ ಮೀನಿಗೇ ಹೋದದ್ದೇಕೆ?

ಆ ಭಾವೀ ಮಾವ ವಿಟೊ ವೋಲ್ಟೆರಾ. ಆಗ ಅವರಿಗೆ 65 ವರ್ಷ. ಯುರೋಪಿನ ಗಣಿತ ವಲಯದಲ್ಲಿ ದೊಡ್ಡ ಹೆಸರು. ಮೀನಿನ ವಿಷಯದಲ್ಲಿ ಮಾತ್ರ ಅವರು ಹೊಸಬರು.

1860ರ ಮೇ 3ರಂದು ಆಂಕೋನ ಪಟ್ಟಣದ ಬಡ ಯಹೂದಿ ಕುಟುಂಬದಲ್ಲಿ ಅವರು ಹುಟ್ಟಿದರು. ಎರಡು ವರ್ಷದ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಮಗುವಿನೊಡನೆ ತಮ್ಮ ಸೋದರನ ಆಶ್ರಯ ಸೇರಿದರು. ಬ್ಯಾಂಕ್ ನೌಕರರಾಗಿದ್ದ ಆ ಸೋದರಮಾವನ ಸಂಬಳದಲ್ಲೇ ಸಂಸಾರ ಸಾಗಬೇಕಿತ್ತು. ಹುಡುಗನೂ ಬೇಗ ಬ್ಯಾಂಕ್ ಕೆಲಸಕ್ಕೆ ಸೇರಲಿ ಎಂಬುದು ಮನೆಯವರ ಆಸೆ. ಹುಡುಗನಿಗೋ ಗಣಿತದ ಗುಂಗು. ಜೂಲ್ಸ್ ವರ್ನ್‌ನ ಚಂದ್ರಯಾನದ ಕಾದಂಬರಿ ಓದಿ, ಭೂಮಿ-ಚಂದ್ರರ ಸೆಳೆತದ ನಡುವೆ ಸಾಗುವ ಗುಂಡಿನ ದಾರಿಯನ್ನು ಹದಿಮೂರನೇ ವಯಸ್ಸಿನಲ್ಲೇ ಲೆಕ್ಕಹಾಕಲು ಕುಳಿತವನು ಆತ. ಬುದ್ಧಿ ಹೇಳಿ ದಾರಿಗೆ ತರಲೆಂದು ಮನೆಯವರು ಎಂಜಿನಿಯರ್ ಬಂಧುವೊಬ್ಬರನ್ನು ಕರೆಸಿದರೆ, ಅವರು ಹುಡುಗನ ಪಕ್ಷವನ್ನೇ ವಹಿಸಿದರು! ಫ್ಲಾರೆನ್ಸ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಆಂಟೋನಿಯೊ ರೊಯಿಟಿ ತಮ್ಮ ಪ್ರಯೋಗಾಲಯದಲ್ಲಿ ಸಹಾಯಕನ ಕೆಲಸ ಕೊಟ್ಟು ಓದಿಗೆ ಆಸರೆಯಾದರು. 1882ರಲ್ಲಿ ಪೀಸಾದಲ್ಲಿ ಡಾಕ್ಟರೇಟ್, ಮರುವರ್ಷವೇ ಅಲ್ಲಿ ಪ್ರಾಧ್ಯಾಪಕ ಹುದ್ದೆ. ಮುಂದೆ ಟ್ಯೂರಿನ್, 1900ರಲ್ಲಿ ರೋಮ್.

1905ರಲ್ಲಿ ಅವರು ಸೆನೆಟರ್ ಆದರು. ಮಹಾಯುದ್ಧದಲ್ಲಿ ಇಟಲಿ ಧುಮುಕಿದಾಗ ವಯಸ್ಸು 55 ಆಗಿದ್ದರೂ ಸೇನೆಯ ಎಂಜಿನಿಯರಿಂಗ್ ದಳ ಸೇರಿ ವಾಯುನೌಕೆಗಳ ಮೇಲೆ ದುಡಿದರು. ಬೆಂಕಿ ಹೊತ್ತುವ ಜಲಜನಕದ ಬದಲು ಹೀಲಿಯಂ ಬಳಸಬೇಕೆಂದು ಸೂಚಿಸಿದ ಮೊದಲಿಗರಲ್ಲಿ ಅವರೂ ಒಬ್ಬರು.

ಅಳಿಯನಾಗಲಿದ್ದವರ ಒಗಟನ್ನು ಬಿಡಿಸಲು ವೋಲ್ಟೆರಾ ಇಡೀ ಕಡಲನ್ನು ಎರಡೇ ಬಗೆಯ ಜೀವಿಗಳಿಗೆ ಇಳಿಸಿದರು: ತಿನ್ನುವ ಮೀನು ಮತ್ತು ತಿನ್ನಿಸಿಕೊಳ್ಳುವ ಮೀನು. ತಿನ್ನುವವರಿಲ್ಲದಿದ್ದರೆ ಸಣ್ಣ ಮೀನು ಬಡ್ಡಿಯ ಮೇಲೆ ಬಡ್ಡಿ ಬೆಳೆದಂತೆ ಹೆಚ್ಚುತ್ತದೆ. ಸಣ್ಣ ಮೀನಿಲ್ಲದಿದ್ದರೆ ದೊಡ್ಡ ಮೀನು ಹಸಿದು ಕ್ಷೀಣಿಸುತ್ತದೆ. ಎರಡೂ ಎದುರಾಗುವ ಸಂದರ್ಭಗಳು ಅವುಗಳ ಸಂಖ್ಯೆಗಳ ಗುಣಲಬ್ಧಕ್ಕೆ ತಕ್ಕಂತೆ ಇರುತ್ತವೆ. ಇಷ್ಟನ್ನು ಎರಡು ಅವಕಲ ಸಮೀಕರಣಗಳಲ್ಲಿ ಬರೆದಾಗ, ಎರಡೂ ಸಂಖ್ಯೆಗಳು ಎಂದೂ ಒಂದೆಡೆ ನಿಲ್ಲುವುದಿಲ್ಲವೆಂಬುದು ಕಂಡಿತು. ಸಣ್ಣ ಮೀನು ಹೆಚ್ಚಿದರೆ ಸ್ವಲ್ಪ ತಡವಾಗಿ ದೊಡ್ಡ ಮೀನು ಹೆಚ್ಚುತ್ತದೆ. ಆಗ ಸಣ್ಣ ಮೀನು ಕುಸಿಯುತ್ತದೆ. ಹಿಂದೆಯೇ ದೊಡ್ಡದೂ ಕುಸಿಯುತ್ತದೆ. ಚಕ್ರ ಮತ್ತೆ ತಿರುಗುತ್ತದೆ. ಹವಾಮಾನವಾಗಲೀ ರೋಗವಾಗಲೀ ಬೇಕಿಲ್ಲ, ಪರಸ್ಪರ ಸಂಬಂಧವೊಂದೇ ಈ ಏರಿಳಿತಕ್ಕೆ ಸಾಕು.

ಪೇಟೆಯ ಒಗಟಿಗೆ ಉತ್ತರ ಇದ್ದದ್ದು ಏರಿಳಿತದ ಸರಾಸರಿಯಲ್ಲಿ. ಬಲೆ ಎರಡೂ ಮೀನನ್ನು ಹಿಡಿಯುತ್ತದೆ. ಬಲೆಯಿಂದಾದ ನಷ್ಟವನ್ನೂ ತುಂಬಿಕೊಂಡು ದೊಡ್ಡ ಮೀನು ಉಳಿಯಬೇಕಾದರೆ ಕಡಲಿನಲ್ಲಿ ಮೊದಲಿಗಿಂತ ಹೆಚ್ಚು ಆಹಾರವಿರಬೇಕು. ಸಣ್ಣ ಮೀನಿನ ಬೆಳವಣಿಗೆಯನ್ನು ಬಲೆಯೂ ಅಷ್ಟಿಷ್ಟು ತಡೆಯುವುದರಿಂದ, ಅದನ್ನು ಹದದಲ್ಲಿಡಲು ಮೊದಲಿಗಿಂತ ಕಡಿಮೆ ಬೇಟೆಗಾರರು ಸಾಕು. ಹೀಗಾಗಿ ಮಿತವಾದ ಮೀನುಗಾರಿಕೆ ಸರಾಸರಿಯಲ್ಲಿ ಸಣ್ಣ ಮೀನನ್ನು ಹೆಚ್ಚಿಸಿ ದೊಡ್ಡದನ್ನು ಇಳಿಸುತ್ತದೆ. ಮೀನುಗಾರಿಕೆ ತಗ್ಗಿದರೆ ತಕ್ಕಡಿ ಶಾರ್ಕಿನ ಕಡೆಗೆ ವಾಲುತ್ತದೆ. ಯುದ್ಧಕಾಲದಲ್ಲಿ ಆದದ್ದು ಇದೇ ಎಂದು ವೋಲ್ಟೆರಾ 1926ರಲ್ಲಿ ಪ್ರಕಟಿಸಿದರು. ಅದೇ ವರ್ಷ ಲೂಯಿಸಾ ವೋಲ್ಟೆರಾ ಮತ್ತು ಡಾಂಕೋನರ ವಿವಾಹವೂ ನಡೆಯಿತು.

ಈ ತತ್ತ್ವದ ಬಿಸಿ ತೋಟಗಾರರಿಗೂ ತಟ್ಟಿತು. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಹಾಳುಗೆಡವುತ್ತಿದ್ದ ಶಲ್ಕ ಕೀಟವನ್ನು 1880ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಿಂದ ತಂದ ಗುಲಗಂಜಿ ಹುಳು ಹತೋಟಿಗೆ ತಂದಿತ್ತು. 1940ರ ದಶಕದಲ್ಲಿ ಡಿಡಿಟಿ ಸಿಂಪಡಿಸಿದಾಗ ಗುಲಗಂಜಿ ಹುಳು ಸತ್ತು, ಶಲ್ಕ ಕೀಟ ಮತ್ತೆ ಹಬ್ಬಿತು. ವಿಷವೂ ಒಂದು ಬಗೆಯ ಬಲೆಯೇ ತಾನೇ.

ಇದೇ ಸಮೀಕರಣಗಳನ್ನು ಅಮೆರಿಕದ ಆಲ್ಫ್ರೆಡ್ ಲೋಟ್ಕಾ 1925ರ ತಮ್ಮ ಪುಸ್ತಕದಲ್ಲಿ ಆಗಲೇ ಬರೆದಿದ್ದರು. ವಿಮಾ ಕಂಪನಿಯೊಂದರಲ್ಲಿ ಜನಸಂಖ್ಯೆಯ ಲೆಕ್ಕ ನೋಡುತ್ತಿದ್ದ ಲೋಟ್ಕಾ ಅದನ್ನು ನೆನಪಿಸಿದಾಗ ವೋಲ್ಟೆರಾ ತಕರಾರಿಲ್ಲದೆ ಒಪ್ಪಿಕೊಂಡರು. ಇಂದು ಸಮೀಕರಣಕ್ಕೆ ಇಬ್ಬರ ಹೆಸರೂ ಇದೆ. ಆದರೆ ನಿಜವಾದ ಕಡಲು ಎರಡು ಮೀನಿನದಲ್ಲ. 1934ರಲ್ಲಿ ಮಾಸ್ಕೋದ ಗೌಸ್ ಸೂಕ್ಷ್ಮಜೀವಿಗಳ ಮೇಲೆ ಇದನ್ನು ಪರೀಕ್ಷಿಸಿದಾಗ, ಬೇಟೆಗಾರ ಜೀವಿ ಎದುರಿದ್ದುದನ್ನೆಲ್ಲ ತಿಂದು ಮುಗಿಸಿ ತಾನೂ ಹಸಿದು ಸತ್ತಿತು. ಆಗಾಗ ಹೊಸ ಜೀವಿಗಳನ್ನು ಹೊರಗಿನಿಂದ ಸೇರಿಸಿದಾಗ ಮಾತ್ರ ಏರಿಳಿತ ಮುಂದುವರಿಯಿತು. ಅವಿತುಕೊಳ್ಳಲು ಜಾಗ, ವಲಸೆ, ವಯಸ್ಸು ಇವೆಲ್ಲವನ್ನೂ ಲೆಕ್ಕಕ್ಕೆ ಸೇರಿಸುವ ಕೆಲಸ ಮುಂದಿನವರ ಪಾಲಿಗೆ ಬಂತು.

ವೋಲ್ಟೆರಾ ಈ ಲೆಕ್ಕದಲ್ಲಿ ಮುಳುಗಿದ್ದ ಕಾಲಕ್ಕೆ ಇಟಲಿ ಮುಸೊಲಿನಿಯ ಮುಷ್ಟಿ ಸೇರಿತ್ತು. ಸೆನೆಟ್‌ನಲ್ಲಿ ಅವರು ವಿರೋಧಿಗಳ ಪುಟ್ಟ ಗುಂಪಿನಲ್ಲಿದ್ದರು. 1925ರಲ್ಲಿ ಕ್ರೋಚೆ ಸಿದ್ಧಪಡಿಸಿದ ಫ್ಯಾಸಿಸ್ಟ್ ವಿರೋಧಿ ಹೇಳಿಕೆಗೆ ಸಹಿ ಹಾಕಿದರು. 1923ರಿಂದ ಅವರು ವಹಿಸಿದ್ದ ಲಿಂಚೆ ಅಕಾಡೆಮಿಯ ಅಧ್ಯಕ್ಷತೆ 1926ರಲ್ಲಿ ಮುಗಿಯಿತು. ತಾವೇ ಮುಂದೆ ನಿಂತು ಕಟ್ಟಿದ ರಾಷ್ಟ್ರೀಯ ಸಂಶೋಧನಾ ಮಂಡಳಿಯೂ ಬೇಗನೆ ಅವರ ಕೈತಪ್ಪಿತು.

1931ರಲ್ಲಿ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರೆಲ್ಲ ಫ್ಯಾಸಿಸ್ಟ್ ಆಡಳಿತಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂಬ ಆಜ್ಞೆ ಹೊರಟಿತು. ಸುಮಾರು 1,200 ಮಂದಿಯಲ್ಲಿ ನಿರಾಕರಿಸಿದವರು ಹನ್ನೆರಡೋ ಹದಿಮೂರೋ ಮಂದಿ. ಪ್ರಮಾಣ ಮಾಡಿದವರೆಲ್ಲ ಫ್ಯಾಸಿಸ್ಟರಾಗಿರಲಿಲ್ಲ; ಹೊಟ್ಟೆಪಾಡಿಗೆ, ಶಿಷ್ಯರ ಹಿತಕ್ಕೆ ತಲೆಬಾಗಿದವರೂ ಅನೇಕರು. 71 ವರ್ಷದ ವೋಲ್ಟೆರಾ ಬಾಗಲಿಲ್ಲ. ಮೂರು ದಶಕ ಪಾಠ ಹೇಳಿದ ಪೀಠ ಹೋಯಿತು. 1934ರಲ್ಲಿ ಅಕಾಡೆಮಿಗಳಿಗೂ ಪ್ರಮಾಣ ಬಂದಾಗ ಸದಸ್ಯತ್ವಗಳೂ ಹೋದವು.

ಜೀವಿಗಳ ಹೋರಾಟದ ಗಣಿತ ಕುರಿತ ಅವರ ಉಪನ್ಯಾಸಗಳು ಪುಸ್ತಕವಾದದ್ದು ಪ್ಯಾರಿಸ್‌ನಲ್ಲಿ, ಫ್ರೆಂಚ್ ಭಾಷೆಯಲ್ಲಿ, ಅದೂ 1931ರಲ್ಲೇ. ಮುಂದಿನ ವರ್ಷಗಳನ್ನು ಬಹುಪಾಲು ವಿದೇಶಗಳಲ್ಲೇ ಕಳೆದರು. ತಾಯ್ನಾಡಿನ ಅಕಾಡೆಮಿಗಳು ಹೊರದಬ್ಬಿದ ಯಹೂದಿ ವಿಜ್ಞಾನಿಯನ್ನು 1936ರಲ್ಲಿ ಪೋಪ್‌ರ ವಿಜ್ಞಾನ ಅಕಾಡೆಮಿ ಸದಸ್ಯರನ್ನಾಗಿ ಮಾಡಿಕೊಂಡಿತು. 1938ರ ಜನಾಂಗೀಯ ಕಾನೂನು ಮನೆಯೊಳಗೂ ನುಗ್ಗಿತು. ರೋಮನ್ ಕಾನೂನಿನ ಪ್ರಾಧ್ಯಾಪಕರಾಗಿದ್ದ ಮಗ ಎಡೊವಾರ್ಡೊ ಹುದ್ದೆ ಕಳೆದುಕೊಂಡರು. ಆ ವರ್ಷದ ಡಿಸೆಂಬರ್‌ನಲ್ಲಿ ರಕ್ತನಾಳದ ಉರಿಯೂತಕ್ಕೆ ತುತ್ತಾದ ವೋಲ್ಟೆರಾ ಮತ್ತೆ ಪೂರ್ತಿ ಚೇತರಿಸಿಕೊಳ್ಳಲಿಲ್ಲ.

1940ರ ಅಕ್ಟೋಬರ್ 11ರಂದು ರೋಮ್‌ನಲ್ಲಿ ಅವರು ಕೊನೆಯುಸಿರೆಳೆದರು. ಎರಡು ವರ್ಷಗಳ ಬಳಿಕ, ಅದೇ ಆಡಳಿತದ ಇಟಲಿಯಲ್ಲಿ, ಜೀವಿಗಳ ಅಸ್ತಿತ್ವದ ಹೋರಾಟವನ್ನು ಕುರಿತ ಪುಸ್ತಕವೊಂದು ಹೊರಬಂತು. ಬರೆದವರು ಅಳಿಯ ಡಾಂಕೋನ. ಅದರಲ್ಲಿ ಇದ್ದದ್ದು ಮಾವನ ಸಿದ್ಧಾಂತ.