ನೆಲ್ಯಾಡಿ ಬೀಡಿನ ತೆರೆದ ಬಾಗಿಲು

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಕೊನೆಯದನ್ನು ಉಮಾಸ್ವಾಮಿಗಳು ಅತಿಥಿಸಂವಿಭಾಗವೆಂದೂ ಸಮಂತಭದ್ರಾಚಾರ್ಯರು ವೈಯಾವೃತ್ಯವೆಂದೂ ಕರೆದಿದ್ದಾರೆ. ಪ್ರೋಷಧೋಪವಾಸಕ್ಕೆ ಅಷ್ಟಮಿ, ಚತುರ್ದಶಿಗಳುಂಟು. ನೋಂಪಿಗಳಿಗೆ ಮಾಸ, ಪಕ್ಷಗಳ ನಿಯಮವುಂಟು. ಬರುವುದಕ್ಕೆ ತಿಥಿಯಿಲ್ಲದವನೇ ಅತಿಥಿಯಾದುದರಿಂದ ಈ ವ್ರತಕ್ಕೆ ಮಾತ್ರ ಪಂಚಾಂಗದಲ್ಲಿ ದಿನ ಗೊತ್ತಾಗಿಲ್ಲ. ಆದಕಾರಣವೇ ಅದು ಮರೆತುಹೋಗುವುದೂ ಸುಲಭ. ಈ ವ್ರತವನ್ನು ನಿತ್ಯದ ಬಾಳನ್ನಾಗಿ ಮಾಡಿಕೊಂಡವರ ಚರಿತೆಯನ್ನು ಅರಿಯಲು ನಾವು ದೂರದೇಶಕ್ಕೆ ಹೋಗಬೇಕಾಗಿಲ್ಲ. ಬೆಳ್ತಂಗಡಿ ತಾಲೂಕಿನ ನೆಲ್ಯಾಡಿ ಬೀಡಿನ ಬಿರ್ಮಣ್ಣ ಪೆರ್ಗಡೆ ಮತ್ತು ಅವರ ಧರ್ಮಪತ್ನಿ ಅಮ್ಮು ಬಲ್ಲಾಳ್ತಿಯರ ಬಾಳುವೆಯೇ ಅದಕ್ಕೆ ನಿದರ್ಶನವಾಗಿದೆ.

ಇಂದಿನ ಧರ್ಮಸ್ಥಳಕ್ಕೆ ಹಿಂದೆ ಕುಡುಮವೆಂಬ ಹೆಸರಿತ್ತು; ಅದು ಮಲ್ಲರ್ಮಾಡಿ ಗ್ರಾಮಕ್ಕೆ ಸೇರಿದ ಎಡೆ. ಸುಮಾರು 800 ವರ್ಷಗಳ ಹಿಂದೆ ಅಲ್ಲಿನ ನೆಲ್ಯಾಡಿ ಬೀಡಿನಲ್ಲಿ ಈ ಜೈನ ದಂಪತಿಗಳು ವಾಸವಾಗಿದ್ದರೆಂದು ಕ್ಷೇತ್ರದ ಐತಿಹ್ಯ. ಬಿರ್ಮಣ್ಣ ಪೆರ್ಗಡೆಯವರು ನಾಡಿನ ಒಡೆಯರಲ್ಲೊಬ್ಬರು. ಆದರೆ ಐತಿಹ್ಯವು ಅವರು ಗೆದ್ದ ಕಾಳಗಗಳನ್ನಾಗಲಿ ಕೂಡಿಟ್ಟ ಸಂಪತ್ತನ್ನಾಗಲಿ ವರ್ಣಿಸುವುದಿಲ್ಲ. ಸರಳರು, ಧರ್ಮಿಷ್ಠರು, ಬಂದವರನ್ನೆಲ್ಲ ಆದರಿಸುವವರು ಎಂದಷ್ಟೇ ನೆನೆಯುತ್ತದೆ. ಪತಿಯ ಹೆಸರಿನೊಡನೆ ಪತ್ನಿಯ ಹೆಸರನ್ನೂ ಅದು ಉಳಿಸಿಕೊಂಡಿರುವುದು ಗಮನಾರ್ಹವಾದುದು. ಅನ್ನದಾನದ ಕೀರ್ತಿ ಯಜಮಾನನಿಗೆ ಬರಬಹುದು. ಹೊತ್ತಲ್ಲದ ಹೊತ್ತಿನಲ್ಲಿ ಬಂದವನಿಗಾಗಿ ಒಲೆ ಹೊತ್ತಿಸುವ ಭಾರ ಮಾತ್ರ ಗೃಹಿಣಿಯದು. ಆಕೆಯ ಮನಸ್ಸು ಒಪ್ಪದ ಮನೆಯಲ್ಲಿ ಈ ವ್ರತ ಒಂದು ದಿನವೂ ನಿಲ್ಲದು.

ಒಂದು ದಿನ ಧರ್ಮದೇವತೆಗಳು ಮಾನವರೂಪದಿಂದ ಆ ಬೀಡಿಗೆ ಬಂದರಂತೆ. ಧರ್ಮವು ಆಚರಣೆಯಲ್ಲಿರುವ, ಮುಂದೆಯೂ ನಿಲ್ಲಬಲ್ಲ ನೆಲೆಯೊಂದನ್ನು ಅವರು ಅರಸುತ್ತಿದ್ದರು. ಬಂದವರು ಯಾರೆಂದು ದಂಪತಿಗಳಿಗೆ ತಿಳಿಯದು. ಎಂದಿನಂತೆ ಗೌರವದಿಂದ ಬರಮಾಡಿಕೊಂಡು, ಮನೆಯಲ್ಲಿ ಇದ್ದುದನ್ನೆಲ್ಲ ನೀಡಿ ಸತ್ಕರಿಸಿದರು. ಈ ಚರಿತೆಯ ತಿರುಳು ಈ ‘ಎಂದಿನಂತೆ’ ಎಂಬಲ್ಲಿಯೇ ಇದೆ. ದೇವತೆಗಳು ಬಂದುದರಿಂದ ಬಾಗಿಲು ತೆರೆಯಲಿಲ್ಲ; ಬಾಗಿಲು ತೆರೆದೇ ಇದ್ದುದರಿಂದ ದೇವತೆಗಳು ಬಂದರು. ಅದಕ್ಕೆ ಮುನ್ನ ಆ ಜಗಲಿಯಲ್ಲಿ ಉಂಡು ಹೋದ ದಾರಿಹೋಕರು, ಬಡವರು ಎಷ್ಟೋ ಮಂದಿ. ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಅಂದಿನ ರಾತ್ರಿ ಪೆರ್ಗಡೆಯವರಿಗೆ ಸ್ವಪ್ನವಾಯಿತು. ಆ ಮನೆಯನ್ನು ತಮಗೆ ಬಿಟ್ಟುಕೊಟ್ಟು, ಉಳಿದ ಬಾಳನ್ನು ಧರ್ಮಕ್ಕೆ ಮುಡಿಪಾಗಿಡಬೇಕೆಂದು ದೇವತೆಗಳ ಅಪ್ಪಣೆ. ಒಂದು ಹೊತ್ತಿನ ಅನ್ನವನ್ನು ಕೊಡುವುದು ಬೇರೆ, ಹಿರಿಯರಿಂದ ಬಂದ ಮನೆಯನ್ನು ಬಿಡುವುದು ಬೇರೆ. ಪೆರ್ಗಡೆಯವರು ಕಾರಣವನ್ನು ಕೇಳದೆ, ಬೇರೊಂದು ಮನೆಯನ್ನು ಕಟ್ಟಿಕೊಂಡು ಬೀಡನ್ನು ಬಿಟ್ಟುಕೊಟ್ಟರು. ಪರಿಗ್ರಹಪರಿಮಾಣವನ್ನು ಪಾಠದಲ್ಲಿ ಒಪ್ಪುವ ನಮಗೆ ಅದನ್ನು ಹೊಸ್ತಿಲು ದಾಟಿ ನಡೆಸುವುದು ಎಷ್ಟು ಕಠಿನವೆಂಬುದು ಇಲ್ಲಿ ಅರಿವಾಗುತ್ತದೆ.

ಮುಂದೆ ಕಾಳರಾಹು, ಕಳರ್ಕಾಯಿ, ಕುಮಾರಸ್ವಾಮಿ, ಕನ್ಯಾಕುಮಾರಿ ಎಂಬ ನಾಲ್ವರು ದೈವಗಳಿಗೆ ಗುಡಿಗಳಾದುವು. ಕದ್ರಿಯಿಂದ ಅಣ್ಣಪ್ಪ ದೈವ ತಂದ ಲಿಂಗದ ಸುತ್ತ ಮಂಜುನಾಥನ ಆಲಯವೆದ್ದಿತು. 16ನೆಯ ಶತಮಾನದಲ್ಲಿ ದೇವರಾಜ ಹೆಗ್ಗಡೆಯವರ ಕಾಲದಲ್ಲಿ ವಾದಿರಾಜ ಸ್ವಾಮಿಗಳು ಅಲ್ಲಿಗೆ ಬಂದು, ಅಲ್ಲಿನ ದಾನಧರ್ಮಗಳನ್ನು ಮೆಚ್ಚಿ, ಕುಡುಮವನ್ನು ಧರ್ಮಸ್ಥಳವೆಂದು ಕರೆದರೆಂದು ಹೇಳುತ್ತಾರೆ. ಚಂದ್ರನಾಥ ಸ್ವಾಮಿಯ ಬಸದಿಯೂ ಅಲ್ಲಿದೆ. ಜೈನ ಮನೆತನದ ಆಡಳಿತ, ಶಿವನ ಆಲಯ, ಮಾಧ್ವ ಅರ್ಚಕರು, ಎಲ್ಲರಿಗೂ ಅನ್ನ: ಇವೆಲ್ಲವೂ ಒಂದು ಮನೆಯ ಅಡುಗೆಯ ಒಲೆಯಿಂದ ಬೆಳೆದು ಬಂದುವು.

ದಾನದಲ್ಲಿ ಪಾತ್ರದಾನ, ಕರುಣಾದಾನ ಎಂಬ ಭೇದವುಂಟು. ಮುನಿಗಳಿಗೂ ವ್ರತಿಕರಿಗೂ ಭಕ್ತಿಯಿಂದ ನೀಡುವುದು ಮೊದಲನೆಯದು. ದೀನರಿಗೂ ಸಂಕಟದಲ್ಲಿರುವವರಿಗೂ ದಯೆಯಿಂದ ನೀಡುವುದು ಎರಡನೆಯದು. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದಯಾದತ್ತಿಗೆ ಬೇರೆಯಾಗಿಯೇ ಸ್ಥಾನವನ್ನು ಕೊಟ್ಟಿದ್ದಾರೆ. ಸಮಂತಭದ್ರಾಚಾರ್ಯರು ಆಹಾರ, ಔಷಧ, ಉಪಕರಣ, ಆವಾಸಗಳೆಂಬ ನಾಲ್ಕನ್ನು ಹೇಳಿ, ಆವಾಸಕ್ಕೆ ಒಂದು ಹಂದಿಯನ್ನು ದೃಷ್ಟಾಂತವಾಗಿ ತೋರಿಸುತ್ತಾರೆ. ಗುಹೆಯಲ್ಲಿದ್ದ ಮುನಿಯನ್ನು ಕಾಯಲು ಅದು ಹುಲಿಯೊಡನೆ ಹೋರಿ ಪ್ರಾಣ ಬಿಟ್ಟ ಕಥೆ ಶಾಸ್ತ್ರ ಕೇಳಿದವರಿಗೆ ತಿಳಿದಿದೆ. ಕಾಸಿಲ್ಲದ ಪ್ರಾಣಿಗೂ ಸಾಧ್ಯವಾದುದು ನಮಗೆ ಅಸಾಧ್ಯವೆನ್ನುವಂತಿಲ್ಲ.

ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಮೊದಲೆರಡು ಆಹಾರವನ್ನು ಸಚಿತ್ತದ ಮೇಲಿಡುವುದು, ಸಚಿತ್ತದಿಂದ ಮುಚ್ಚುವುದು. ಇವು ಮುನಿಗಳ ಆಹಾರಕ್ಕೆ ಸಂಬಂಧಿಸಿದುವು. ಉಳಿದ ಮೂರು ನೆರೆಹೊರೆಯ ವಿಷಯದಲ್ಲಿಯೂ ನಮ್ಮನ್ನು ಕಾಡುವಂಥವು. ನಮ್ಮದನ್ನು ಪರರದೆಂದು ಹೇಳಿ ಜಾರಿಕೊಳ್ಳುವುದು ಪರವ್ಯಪದೇಶ. ಕೊಡುವಾಗ ಅನಾದರ, ಪರರ ದಾನದಲ್ಲಿ ಅಸೂಯೆ ತೋರುವುದು ಮಾತ್ಸರ್ಯ. ಹೊತ್ತು ಮೀರಿಸುವುದು ಕಾಲಾತಿಕ್ರಮ. ಜ್ವರ ಬಿಟ್ಟ ಮೇಲೆ ತಂದ ಔಷಧವೂ, ಶಾಲೆಯನ್ನು ಬಿಟ್ಟ ಮೇಲೆ ಕೊಟ್ಟ ಪುಸ್ತಕವೂ ಕಾಲಾತಿಕ್ರಮವೇ ಸರಿ.

ನಮ್ಮ ತುಳುನಾಡಿನಲ್ಲಿ ಹಿಂದೆ ಆಟಿ ತಿಂಗಳೆಂದರೆ ಹಸಿವಿನ ತಿಂಗಳು. ಮುಡಿಯ ಅಕ್ಕಿ ಮುಗಿದಿರುತ್ತಿತ್ತು; ಸುರಿಯುವ ಮಳೆಯಲ್ಲಿ ಕೂಲಿಯೂ ಇರುತ್ತಿರಲಿಲ್ಲ. ಬಡವರು ತಜಂಕಿನ ಸೊಪ್ಪು, ಕೆಸುವು, ಹಲಸಿನ ಬೀಜಗಳಿಂದ ದಿನ ನೂಕುತ್ತಿದ್ದರು. ನಮ್ಮ ಚಾತುರ್ಮಾಸವೂ ಆ ಮಳೆಯಲ್ಲಿಯೇ ಬರುತ್ತದೆ. ಜೀವದಯೆಗಾಗಿ ನಾವು ಬಿಟ್ಟ ಸೊಪ್ಪನ್ನೇ, ಅಕ್ಕಿಯಿಲ್ಲದ ಕಾರಣ ನೆರೆಯವನು ಉಣ್ಣುತ್ತಿದ್ದ. ಆ ದಿನಗಳಲ್ಲಿ ಒಂದು ಹೊತ್ತನ್ನು ಬಿಟ್ಟ ಮನೆಯ ಅಕ್ಕಿ ಬೇಲಿಯಾಚೆಗೆ ಹೋಯಿತೇ, ಪಾತ್ರೆಯಲ್ಲಿಯೇ ಉಳಿಯಿತೇ ಎಂಬುದರಿಂದ ಆ ಉಪವಾಸದ ಬೆಲೆಯನ್ನು ಅಳೆಯಬೇಕು.

ಈಗ ಹಸಿವಿನ ರೂಪ ಬದಲಾಗಿದೆ. ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಉಳಿದ ವೃದ್ಧರು ಬಂಟ್ವಾಳದಲ್ಲಿಯೂ ಇದ್ದಾರೆ, ಮೂಡುಬಿದಿರೆಯಲ್ಲಿಯೂ ಇದ್ದಾರೆ. ಅವರಿಗೆ ಬೇಕಾದುದು ಪೇಟೆಯಿಂದ ತಂದುಕೊಡುವ ಮಾತ್ರೆ, ಆಸ್ಪತ್ರೆಯಲ್ಲಿ ಒಂದು ರಾತ್ರಿಯ ಜೊತೆ, ಸಂಜೆ ವಿಚಾರಿಸಿಕೊಳ್ಳುವ ಒಂದು ಧ್ವನಿ. ಅನ್ನದಾನಕ್ಕೆ ಕ್ಷೇತ್ರವಿದೆಯಲ್ಲ, ಕಾಣಿಕೆಯನ್ನು ಹಾಕಿದರೆ ಸಾಕಲ್ಲ ಎಂದು ಭಾವಿಸುವುದೂ ಒಂದು ಬಗೆಯ ಪರವ್ಯಪದೇಶವೇ. ಕ್ಷೇತ್ರವು ಮನೆಯಿಂದ ಹುಟ್ಟಿತು. ಮನೆಯ ವ್ರತವನ್ನು ಅದು ಮನೆಗೆ ಬದಲಾಗಿ ಪಾಲಿಸಲಾರದು. ಮುಂದಿನ ಚತುರ್ದಶಿಯ ಉಪವಾಸ ಮುಗಿದು ಪಾರಣೆಗೆ ಕುಳಿತುಕೊಳ್ಳುವ ಮುನ್ನ ಶ್ರಾವಕ ಶ್ರಾವಿಕೆಯರು ಒಮ್ಮೆ ಬಾಗಿಲಿಗೆ ಬಂದು ಅತಿಥಿಗಾಗಿ ನಿರೀಕ್ಷಿಸಲಿ. ಯಾರೂ ಬಾರದಿದ್ದರೆ ನೆರೆಮನೆಯ ಕಡೆಗೆ ನಾಲ್ಕು ಹೆಜ್ಜೆ ನಡೆಯಲಿ.